ಏಳು ಮನೆಯ ರೋಹಿಣಿ

ಗದಗಿನ ಹತ್ತಿಗಿರಣಿ ಓಣಿಯಲ್ಲಿ ಹನ್ನೊಂದು ವರ್ಷಗಳಲ್ಲಿ ಐದು ಕೊಲೆಗಳು ಆಗಬೇಕಿದ್ದವು. ಒಂದೂ ಆಗಿರಲಿಲ್ಲ. ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆಗದೆ ಉಳಿದ ಕೊಲೆಗೆ ಯಾರೂ ಪಂಚನಾಮೆ ಬರೆಯುವುದಿಲ್ಲ, ಪೇಪರಿನವರೂ ಓಡಿ ಬರುವುದಿಲ್ಲ. ಗೊತ್ತಿದ್ದದ್ದು ಧಾರವಾಡದ ಜೀವರಕ್ಷಾ ಕೇಂದ್ರದ ‘ತಕ್ಕಡಿ’ ಎಂಬ ಯಂತ್ರಕ್ಕೆ, ಮತ್ತು ಅದರ ಮುಂದೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದ ಕಸ್ತೂರಿ ಹೊಂಬಳಗೆ.

ತಕ್ಕಡಿಯದು ಜ್ಯೋತಿಷ್ಯವಲ್ಲ. ಅದು ಯಾರ ಹಣೆಬರಹವನ್ನೂ ಓದುತ್ತಿರಲಿಲ್ಲ. ರಾಜ್ಯದ ಪ್ರತಿ ಮನೆಯ ವಿವರ ಅದರ ಹೊಟ್ಟೆಯೊಳಗಿತ್ತು: ಯಾರ ವಯಸ್ಸೆಷ್ಟು, ಓದಿದ್ದೆಷ್ಟು, ಕೆಲಸ ಇದೆಯೋ ಹೋಗಿದೆಯೋ, ಮದುವೆ ಉಳಿದಿದೆಯೋ ಮುರಿದಿದೆಯೋ, ಸ್ವಂತ ಮನೆಯೋ ಬಾಡಿಗೆಯದೋ, ಬ್ರಾಂಡಿ ಅಂಗಡಿ ಎಷ್ಟು ಹೆಜ್ಜೆ ದೂರ. ಅದರ ಜೊತೆಗೆ ಇಪ್ಪತ್ತು ವರ್ಷ ಯಾರು ಯಾರು ಇನ್ನೊಬ್ಬರ ಕೈಯಿಂದ ಸತ್ತರು ಎಂಬ ದಾಖಲೆ. ಎರಡನ್ನೂ ಹೊಂದಿಸಿ, ಇಂಥ ಒಂದು ಲಕ್ಷ ಜನರಲ್ಲಿ ಬರುವ ವರ್ಷ ಎಷ್ಟು ಜನ ಕೊಲೆಯಾಗಬಹುದು ಎಂದು ಅದು ಹೇಳುತ್ತಿತ್ತು. ಸಾವಿನ ಮುಂದೆ ಎಲ್ಲರೂ ಸಮ ಅನ್ನುತ್ತಾರೆ ಹಿರಿಯರು. ಇರಬಹುದು. ಆದರೆ ಮತ್ತೊಬ್ಬರ ಕೈಯಿಂದ ಬರುವ ಸಾವು ಮನೆ ನೋಡಿ, ಮಂದಿ ನೋಡಿ ಬರುತ್ತದೆ. ಗಂಡಸನ್ನು ಹೆಚ್ಚಾಗಿ ಬೀದಿಯಲ್ಲಿ ಹಿಡಿಯುತ್ತದೆ, ಹೆಂಗಸನ್ನು ಅವಳದೇ ಅಡುಗೆಮನೆಯಲ್ಲಿ.

ಲಕ್ಷಕ್ಕೆ ನಾಲ್ಕುನೂರು ದಾಟಿದವರನ್ನು ಎಂಟು ದಿನದೊಳಗೆ ಬೇರೆ ಜಿಲ್ಲೆಯ ಆಸರೆ ಮನೆಗೆ ಒಯ್ಯಬೇಕೆಂದು ಕಾನೂನಿತ್ತು. ಹೊಸ ಊರು, ಹೊಸ ಹೆಸರು, ಹಳೆಯ ಫೋನ್ ನಂಬರು ಬಂದ್. ಕಠಿಣವೇ. ಆದರೆ ಅದರಿಂದ ಬದುಕಿಕೊಂಡ ಹೆಣ್ಣುಮಕ್ಕಳ ಪತ್ರಗಳು ಕಸ್ತೂರಿಯ ಕಪಾಟಿನಲ್ಲಿದ್ದವು. ಆ ಪತ್ರಗಳನ್ನು ಓದಿದಾಗಲೆಲ್ಲ ಅವಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆ ಉಕ್ಕುತ್ತಿತ್ತು.

ಆ ಸೋಮವಾರ ತಕ್ಕಡಿ ಹೊಸ ಹೆಸರೊಂದನ್ನು ಎತ್ತಿ ತೋರಿಸಿತು. ರೋಹಿಣಿ, ಇಪ್ಪತ್ತಾರು ವರ್ಷ. ಎಂಟನೆಯ ಕ್ಲಾಸಿನವರೆಗೆ ಓದು. ಗಂಡನನ್ನು ಬಿಟ್ಟು ಬಂದವಳು. ಬಾಡಿಗೆ ಕೋಣೆ, ಒಬ್ಬಳೇ ವಾಸ. ಗಂಡನ ಮೇಲೆ ಎರಡು ಪೊಲೀಸ್ ದೂರು. ಲಕ್ಷಕ್ಕೆ ಆರುನೂರ ಹನ್ನೆರಡು. ವಿಳಾಸ: ಹತ್ತಿಗಿರಣಿ ಓಣಿ, ಗದಗ.

“ಗುರುವಾರ ಗಾಡಿ ಕಳಸೂಣು. ಸಹಿ ಮಾಡ್ರಿ,” ಅಂದರು ನಿರ್ದೇಶಕ ಇನಾಮದಾರರು.

“ಸರ್, ಈ ಓಣಿ ಲೆಕ್ಕಕ್ಕ ಸಿಗವಲ್ದು,” ಅಂದಳು ಕಸ್ತೂರಿ. “ಗಿರಣಿ ಮುಚ್ಚೇದ. ಕೆಲಸ ಇಲ್ಲದ ಹುಡುಗರು, ಕುಡಿತ, ಒಂದ ಗ್ವಾಡಿಗೆ ಎರಡ ಮನಿ. ಏನೇನ ಇರಬಾರದೋ ಎಲ್ಲಾ ಅದ. ತಕ್ಕಡಿ ಪ್ರಕಾರ ಐದು ಕೊಲಿ ಆಗಬೇಕಿತ್ತು. ಒಂದೂ ಆಗಿಲ್ಲ.”

“ಪುಣ್ಯಾ ಮಾಡ್ಯಾರ ಬಿಡ್ರಿ.”

“ಪುಣ್ಯಕ್ಕ ನಮ್ಮಲ್ಲಿ ಕಾಲಂ ಇಲ್ಲ ಸರ್. ಹಿಂಗ ಬರೇ ಅದೃಷ್ಟದಿಂದ ಆಗೂದು ನೂರಕ್ಕ ಒಂದ ಸಲಾನೂ ಇಲ್ಲ.”

ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗಾರ ಹೋಗಿ ನೋಡ್ಕೊಂಡ ಬರ್ರಿ. ಆದ್ರ ಗುರುವಾರ ಅಂದ್ರ ಗುರುವಾರ. ಆ ಹುಡುಗಿಗೆ ಏನರೆ ಆದ್ರ ನಿಮ್ಮ ಸಂಶೋಧನಾ ಯಾರಿಗೆ ಬೇಕು?”

ಕಸ್ತೂರಿ ಆ ಸಂಜೆ ಮನೆಗೆ ಹೋಗಿ ಒಂದು ಲೋಟ ಅಕ್ಕಿ ಇಟ್ಟಳು. ಅವ್ವ ತೀರಿಕೊಂಡ ಮೇಲೆ ಮೂರು ವರ್ಷದಿಂದ ಆ ಫ್ಲ್ಯಾಟಿನಲ್ಲಿ ಅವಳೊಬ್ಬಳೇ. ಎದುರು ಬಾಗಿಲಿನವರ ಹೆಸರು ಅವಳಿಗೆ ತಿಳಿದಿದ್ದದ್ದು ಫಲಕ ಓದಿ.

*

ಹತ್ತಿಗಿರಣಿ ಓಣಿಯ ಮನೆಗಳ ವಿವರ ಬರೆದುಕೊಡುವವಳು ದ್ಯಾಮವ್ವ ಸೊರಟೂರ. ಅರವತ್ತರ ಹತ್ತಿರದ ಹೆಂಗಸು. ಗಿರಣಿಯಲ್ಲಿ ನೂಲು ಸುತ್ತುವ ಕೆಲಸ ಮಾಡಿ ಬಲಗೈಯ ಎರಡು ಬೆರಳನ್ನು ಯಂತ್ರಕ್ಕೆ ಕೊಟ್ಟು ಬಂದಿದ್ದಳು. ಉಳಿದ ಮೂರು ಬೆರಳಿನಲ್ಲೇ ಮುತ್ತು ಪೋಣಿಸಿದಂತೆ ಅಕ್ಷರ ಬರೆಯುತ್ತಿದ್ದಳು. ಸರ್ಕಾರದ ಟ್ಯಾಬ್‌ನಲ್ಲಿ ತುಂಬುವ ಮೊದಲು ಪ್ರತಿ ಮನೆಯ ಫಾರ್ಮನ್ನು ಕೈಯಾರೆ ಬರೆದು ಟ್ರಂಕಿನಲ್ಲಿಡುವುದು ಅವಳ ರೂಢಿ.

“ಬರ್ರಿ ಅಕ್ಕಾರ, ಕುಂದರ್ರಿ. ಹನ್ನೊಂದ ವರ್ಷ ಆತು, ನಿಮ್ಮ ಆಫೀಸಿನಿಂದ ಒಂದ ನರಪಿಳ್ಳಿ ಬಂದಿರಲಿಲ್ಲ ನೋಡ್ರಿ,” ಅಂತ ಚಾಪೆ ಹಾಸಿದಳು. “ಏನ್ ತಪ್ಪ್ ಆಗೇತಿ ಹೇಳ್ರಿ. ತಪ್ಪಿಲ್ಲದ ದೊಡ್ಡವ್ರು ಓಣಿಗೆ ಬರೂದಿಲ್ಲ.”

ಕಸ್ತೂರಿ ನಕ್ಕಳು. ಟ್ರಂಕು ತೆಗೆಸಿ ಈ ವರ್ಷದ ಫಾರ್ಮುಗಳನ್ನು ಎಣಿಸುತ್ತಾ ಹೋದಳು. ಇನ್ನೂರ ಹನ್ನೆರಡು ಮನೆ. ಒಟ್ಟು ಜನ ಕೂಡಿಸಿದಳು. ಮತ್ತೊಮ್ಮೆ ಕೂಡಿಸಿದಳು.

“ದ್ಯಾಮವ್ವಾರ, ತಕ್ಕಡಿಯೊಳಗ ಈ ಓಣಿಯವ್ರು ಸಾವಿರದ ನೂರು ಮಂದಿ. ನಿಮ್ಮ ಫಾರ್ಮಿನಾಗ ಎರಡೂವರಿ ಸಾವಿರದ ಮ್ಯಾಲೆ ಅದಾರ. ಇಷ್ಟ ಮಂದಿ ಎಲ್ಲಿದ್ದಾರ?”

“ಇಲ್ಲೇ ಅದಾರಲ್ರಿ. ಕೆಲವ್ರು ಎರಡ ಮನ್ಯಾಗ, ಕೆಲವ್ರು ನಾಕೈದ ಮನ್ಯಾಗ ಅದಾರ.”

“ಒಬ್ಬ ಮನುಷ್ಯ ನಾಕ ಮನ್ಯಾಗ ಹೆಂಗ ಇರ್ತಾನ್ರಿ?”

ದ್ಯಾಮವ್ವ ಅವಳನ್ನು, ಪಾಪ ಏನೂ ತಿಳಿಯದ ಕೂಸು ಅನ್ನುವಂತೆ ನೋಡಿದಳು. “ನಿಮ್ಮ ಹಾಳ್ಯಾಗ ಏನ್ ಬರದೈತ್ರಿ? ‘ಈ ಮನೆಗೆ ಸೇರಿದವರು ಯಾರ್ಯಾರು?’ ಅಂತೈತಿ. ನಾ ಕೇಳ್ತೀನಿ, ಅವರು ಹೇಳ್ತಾರ. ನಮ್ಮ ಓಣ್ಯಾಗ ಯಾರ ಹೆಸರಿಲೆ ರೊಟ್ಟಿ ತಗದಿಡ್ತೀವೋ ಅವರು ಆ ಮನಿಗೆ ಸೇರಿದವರು.”

“ಆರು ತಿಂಗಳು ಆ ಮನೆಯಾಗ ವಾಸ ಇದ್ದವರನ್ನಷ್ಟ ಬರೀರಿ ಅಂತ ಜೊತಿಗೆ ಒಂದು ಸೂಚನಾ ಹಾಳಿ ಕೊಟ್ಟಿದ್ವಿ.”

“ಅದೇನ್ರಿ? ಒಲಿ ಹಚ್ಚಾಕ ಹೋಗಿರಬೇಕು.”

ಆಮೇಲೆ ದ್ಯಾಮವ್ವ ಹೇಳಿದ ಕತೆ ಇದು. ಅವಳ ಅವ್ವನ ಕಾಲದಲ್ಲಿ, ಗಿರಣಿ ಮೂರು ಪಾಳಿಯಲ್ಲಿ ನಡೆಯುವಾಗ, ಈ ಓಣಿಯಲ್ಲಿ ಒಬ್ಬ ತನ್ನ ಹೆಂಡತಿಯನ್ನು ಕೊಂದು ಹೊರಗಿನಿಂದ ಕೀಲಿ ಹಾಕಿಕೊಂಡು ಹೋದ. ಪಾಳಿಗೆ ಹೋಗಿದ್ದಾಳೆಂದು ಎಲ್ಲರೂ ತಿಳಿದರು. ಮೂರು ದಿನ ಪಕ್ಕದ ಮನೆಯಲ್ಲಿ ಅಡುಗೆ ಆಯಿತು, ಊಟ ಆಯಿತು, ಜೋಗುಳವೂ ಆಯಿತು. ನಾಲ್ಕನೆಯ ದಿನ ವಾಸನೆ ಬಂತು. ಅವಳನ್ನು ಮಣ್ಣು ಮಾಡಿ ಬಂದ ಹೆಂಗಸರು ಅಂದೇ ಕೂತು ಒಂದು ಮಾತು ಮಾಡಿಕೊಂಡರು. ಇನ್ನು ಮೇಲೆ ಪ್ರತಿ ಮನೆಯವರು ತಮ್ಮವರಲ್ಲದ ನಾಲ್ಕಾರು ಜನರ ಹೆಸರಿನಲ್ಲಿ ರೊಟ್ಟಿ ತೆಗೆದಿಡಬೇಕು. ಅವರು ಬಂದು ಒಂದು ತುತ್ತಾದರೂ ಮುರಿಯಬೇಕು. ಮಧ್ಯಾಹ್ನ ಎರಡರ ಪಾಳಿಯ ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗುವ ಹೊತ್ತಿಗೆ ರೊಟ್ಟಿ ಉಳಿದಿದ್ದರೆ, ಆ ಮನೆಯವರು ಎದ್ದು ಹುಡುಕಿಕೊಂಡು ಹೋಗಬೇಕು.

“ಭೋಂಗಾ ಬಂದ್ ಆಗಿ ಇಪ್ಪತ್ತ ವರ್ಷ ಆತ್ರಿ,” ಅಂದಳು ದ್ಯಾಮವ್ವ. “ರೊಟ್ಟಿ ಬಂದ್ ಆಗಿಲ್ಲ. ಉಳದ ರೊಟ್ಟಿ ನೋಡ್ಕೊಂತ ಕುಂದ್ರಾಕ ನಮಗ ಆಗಂಗಿಲ್ರಿ, ಎದಿ ಹಾರ್ತೈತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಸ್ತೂರಿಯ ಕೈ ತಾನಾಗಿ ಬ್ಯಾಗಿನೊಳಗಿನ ಕಂಪ್ಯೂಟರಿನ ಮೇಲೆ ಹೋಯಿತು. ತಕ್ಕಡಿಗೆ ಮಾಹಿತಿ ಹೋಗುವ ಮುನ್ನ ಅದನ್ನು ಸೋಸುವ ಒಂದು ಪ್ರೋಗ್ರಾಮು ಇತ್ತು, ಹೆಸರು ‘ಜರಡಿ’. ಒಂದೇ ಹೆಸರು ಎರಡು ಮನೆಯಲ್ಲಿ ಕಂಡರೆ ಒಂದನ್ನು ಉಳಿಸಿ ಮಿಕ್ಕಿದ್ದನ್ನು ಎಸೆಯುವುದು ಅದರ ಕೆಲಸ. ಒಬ್ಬ ಮನುಷ್ಯನಿಗೆ ಒಂದೇ ಮನೆ. ಆ ಜರಡಿಯನ್ನು ಹನ್ನೊಂದು ವರ್ಷದ ಹಿಂದೆ ಬರೆದವಳು ಕಸ್ತೂರಿಯೇ. ಅದಕ್ಕೆ ಅವಳಿಗೆ ಬಹುಮಾನವೂ ಬಂದಿತ್ತು. ಕಸ ಅಂತ ತಾನು ಹನ್ನೊಂದು ವರ್ಷ ಎಸೆದದ್ದು ಏನನ್ನು ಎಂದು ಈಗ ತಿಳಿದು ಅವಳಿಗೆ ನಾಚಿಕೆಯಾಯಿತು.

“ರೋಹಿಣಿ ಎಷ್ಟ ಮನ್ಯಾಗ ಅದಾಳ?” ಕೇಳಿದಳು.

“ಏಳು. ರಾತ್ರಿ ಯಾವ ಮನ್ಯಾಗ ಮಲಗ್ತಾಳ ಅಂತ ಓಣಿಯವ್ರಿಗೇ ಸಂಜಿಮಟ ಗೊತ್ತಿರೂದಿಲ್ಲ. ಇನ್ನ ಆಕಿ ಗಂಡಗ ಹೆಂಗ ಗೊತ್ತಾಗಬೇಕು?”

“ಮತ್ತ ಗಂಡ? ಪ್ರವೀಣ?”

“ಅಂವ ಒಂದ ಮನ್ಯಾಗ ಅದಾನ್ರಿ. ಓಣಿ ಬಾಯಾಗ ಜೈತುನಬಿ ಆಯಿ ಅದಾಳಲ್ರಿ, ಆಕಿ ಮನ್ಯಾಗ. ಹೊಸ್ತಿಲ ದಾಟಿ ಒಳಗ ಬರೂಹಂಗಿಲ್ಲ. ಕಟ್ಟೀ ಮ್ಯಾಲೆ ಕುಂತು ಉಂಡು ಹೋಗಬೇಕು.”

ಕಸ್ತೂರಿಗೆ ಸಿಟ್ಟೇ ಬಂತು. “ಹೊಡಿಯೋ ಗಂಡಗ ನೀವೇ ರೊಟ್ಟಿ ಹಾಕ್ತೀರಾ?”

ಉತ್ತರ ಬಾಗಿಲಿನಿಂದ ಬಂತು. ಬೆಳ್ಳಿ ಕೂದಲಿನ, ಬಡಕಲು ಮೈಯ ಮುದುಕಿಯೊಬ್ಬಳು ಅಲ್ಲಿ ನಿಂತಿದ್ದಳು. “ಕೊಲ್ಲಾಂವ ಯಾರು ಅಂತ ಗೊತ್ತಿದ್ರ ಅವನ್ನ ಕಣ್ಣಮುಂದ ಇಟ್ಕೋಬೇಕೋ, ಕಣ್ಣಿಗೆ ಮರಿ ಮಾಡಬೇಕೋ, ನೀನ ಹೇಳವಾ ತಂಗಿ,” ಅಂದಳು. ಅವಳೇ ಜೈತುನಬಿ. ನಂತರ ದ್ಯಾಮವ್ವನ ಕಡೆ ತಿರುಗಿದಳು. “ದ್ಯಾಮಕ್ಕಾ, ಪ್ರವೀಣನ ರೊಟ್ಟಿ ಉಳೀತು.”

ಗೋಡೆಯ ಗಡಿಯಾರ ಎರಡು ತೋರಿಸುತ್ತಿತ್ತು.

*

ಮುಂದಿನದನ್ನು ಕಸ್ತೂರಿ ಆಮೇಲೆ ಎಷ್ಟೋ ಸಲ ಇನಾಮದಾರರಿಗೆ ಹೇಳಿದಳು. ಓಣಿಯಲ್ಲಿ ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಐದನೆಯ ನಂಬರಿನ ಮನೆಯಲ್ಲಿದ್ದ ರೋಹಿಣಿ ಹಿತ್ತಲ ಬಾಗಿಲುಗಳ ದಾರಿ ಹಿಡಿದು ಹತ್ತೊಂಬತ್ತನೆಯ ಮನೆಗೆ ಹೋದಳು. ಒಬ್ಬಳು ಬ್ರಾಂಡಿ ಅಂಗಡಿಯ ಕಡೆ, ಇಬ್ಬರು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ದ್ಯಾಮವ್ವ ಪೊಲೀಸರಿಗೆ ಫೋನ್ ಮಾಡಿದಳು. ಕಸ್ತೂರಿಯ ಮುಖ ನೋಡಿ, “ಮತ್ತ? ನಾವೇನ ಹುಚ್ಚರೇನ್ರಿ?” ಅಂದಳು. “ಪೊಲೀಸರು ಬರ್ತಾರ. ಅವರು ಬರೂಮಟಾ ಯಾರರೆ ಇರಬೇಕಲ್ರಿ.”

ಜೈತುನಬಿ ಒಂದು ಬಟ್ಟೆಯ ಗಂಟು ಮತ್ತು ನೀರಿನ ಚರಿಗೆ ಹಿಡಿದು ಗಿರಣಿಯ ಗೇಟಿನತ್ತ ನಡೆದಳು. ಅವನು ಸಿಟ್ಟು ಬಂದಾಗ ಕೂರುವ ಜಾಗ ಅವಳಿಗೆ ಗೊತ್ತಿತ್ತು. ದ್ಯಾಮವ್ವ, ಕಸ್ತೂರಿ ಹತ್ತು ಹೆಜ್ಜೆ ಹಿಂದೆ.

ತುಕ್ಕು ಹಿಡಿದ ಗೇಟಿನ ಪಕ್ಕ ಬೇವಿನ ಮರದ ಕೆಳಗೆ ಪ್ರವೀಣ ಕೂತಿದ್ದ. ಮೂವತ್ತು ದಾಟಿರದ ಹುಡುಗ, ಕಣ್ಣು ಕೆಂಪಗೆ. ತೊಡೆಯ ಹತ್ತಿರ ಒಂದು ಗೋಣಿಚೀಲ. ಅದರೊಳಗೆ ಉದ್ದನೆಯದೇನೋ ಇತ್ತು. ಅವನ ಬಲಗೈ ಅದರ ಮೇಲಿತ್ತು.

ಜೈತುನಬಿ ಅವನ ಎದುರಿಗೇ ಕೂತು ಗಂಟು ಬಿಚ್ಚಿದಳು. “ಎರಡ ಹೊಡದ ಹೋತು. ಉಣ್ಣು.”

“ಬ್ಯಾಡ ಆಯಿ. ನೀ ಮನಿಗ್ ಹೋಗು. ಇವತ್ತ ಆಕಿದೊಂದು ತೀರಿಸೇ ಬಿಡ್ತೀನಿ.”

“ಅದು ಆಮ್ಯಾಲಿನ ಮಾತು. ಬದನಿಕಾಯಿ ಪಲ್ಯ ಮಾಡೀನಿ, ಆರಿ ಹೋಗ್ತೈತಿ. ಕೈ ತೊಳಿ.”

“ಬ್ಯಾಡ ಅಂದ್ನೆಲ್ಲಾ!”

“ಅಯ್ಯ, ನನ್ನ ಮ್ಯಾಲ್ಯಾಕ ಒದರ್ತಿ? ಹಸದ ಹೊಟ್ಟಿಲೆ ಯಾವ ಕೆಲಸ ನೆಟ್ಟಗಾಗೇತಿ? ಒಂದ ತುತ್ತು ಮುರಿ. ಇಲ್ಲಂದ್ರ ನಾನೂ ಉಣ್ಣಂಗಿಲ್ಲ, ಇಲ್ಲೇ ಕುಂದ್ರಾಕಿ.” ಅವಳು ಚರಿಗೆ ಎತ್ತಿ ಬಗ್ಗಿಸಿ ಹಿಡಿದಳು.

ಅವನು ಅವಳನ್ನು ನೋಡಿದ. ಚರಿಗೆಯನ್ನು ನೋಡಿದ. ಹುಟ್ಟಿದಂದಿನಿಂದ ಹಿರಿಯರು ನೀರು ಹಾಕಿದರೆ ಎರಡೂ ಕೈ ಒಡ್ಡಿ ಕಲಿತವನು. ಎರಡೂ ಕೈ ಒಡ್ಡಿದ. ಅಷ್ಟರಲ್ಲಿ ಹಿಂದಿನಿಂದ ಬಂದ ದ್ಯಾಮವ್ವ ಮೂರು ಬೆರಳಿನ ಕೈಯಿಂದ ಗೋಣಿಚೀಲವನ್ನು ಎಳೆದುಕೊಂಡು ಕಸ್ತೂರಿಯ ಕಡೆ ದೂಡಿದಳು. ಒಳಗೆ ಕುಡಗೋಲು ಇತ್ತು, ಆಗಷ್ಟೇ ಸಾಣೆ ಹಿಡಿಸಿದ್ದು. ಪ್ರವೀಣ ಒಮ್ಮೆ ಏಳಲು ನೋಡಿದ, ಆಗಲಿಲ್ಲ. ಒದ್ದೆ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದ. ಜೈತುನಬಿ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ರೊಟ್ಟಿ ಮುರಿದು ಕೈಗಿಟ್ಟಳು.

ಪೊಲೀಸ್ ಗಾಡಿ ಬಂದದ್ದು ಇಪ್ಪತ್ತೆರಡು ನಿಮಿಷಕ್ಕೆ. ಕಸ್ತೂರಿ ಗಡಿಯಾರ ನೋಡಿದ್ದಳು. ಅವನನ್ನು ಹತ್ತಿಸಿಕೊಂಡು ಹೋದ ಮೇಲೆ ಜೈತುನಬಿ ಉಳಿದ ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿದಳು. “ಭಾಳ ಅಂಜಿಕಿ ಆಗಿತ್ತವಾ,” ಅಂದಳು ಸಣ್ಣ ದನಿಯಲ್ಲಿ. ಕಸ್ತೂರಿ ಆ ಮುದುಕಿಯ ಕೈ ಹಿಡಿದುಕೊಂಡಳು. ಇಂಥ ಧೈರ್ಯವನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

ಹತ್ತೊಂಬತ್ತನೆಯ ಮನೆಯಲ್ಲಿ ರೋಹಿಣಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಸುಲಿದ ಕಾಳಿಗಿಂತ ಮುರಿದ ಕಾಳು ಹೆಚ್ಚಿತ್ತು. ಕಸ್ತೂರಿ ಅವಳಿಗೆ ತಕ್ಕಡಿಯ ಸಂಖ್ಯೆ ಹೇಳಿದಳು, ಗುರುವಾರದ ಗಾಡಿಯನ್ನೂ ಹೇಳಿದಳು. ಕೊನೆಗೆ, ಇಷ್ಟು ವರ್ಷ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದಳು.

“ನಿನ್ನ ಮನಸ್ಸಿನಾಗ ಏನೈತಿ?”

“ಅಲ್ಲಿ ನನಗ ಎಷ್ಟ ಮನಿ ಕೊಡ್ತೀರಿ?” ಅಂದಳು ರೋಹಿಣಿ.

“ಎಷ್ಟ ಅಂದ್ರ? ಒಂದು. ಕೀಲಿ ಭದ್ರ ಇರ್ತೈತಿ.”

“ಅಂವ ನನ್ನ ಕೀಲಿ ಹಾಕೇ ಹೊಡೀತಿದ್ದ್ರಿ.” ಅವಳು ಕಾಳನ್ನು ಮೊರಕ್ಕೆ ಹಾಕಿದಳು. “ಅಂಜಿಕಿ ಇಲ್ಲಂತ ಅಲ್ರಿ ಅಕ್ಕಾರ. ಐತಿ. ಆದ್ರ ನಾ ಸತ್ತ್ರ ಇಲ್ಲಿ ಎರಡ ಹೊಡಿಯೂದ್ರೊಳಗ ಏಳ ಮನಿಗೆ ಗೊತ್ತಾಗ್ತೈತಿ. ಇದು ಅವಗೂ ಗೊತ್ತೈತಿ. ಅದಕ್ಕ ನಾ ಇನ್ನೂ ಇದ್ದೀನಿ.”

*

ಬುಧವಾರ ಬೆಳಿಗ್ಗೆ ಕಸ್ತೂರಿ ಜರಡಿಯನ್ನು ತೆಗೆದುಹಾಕಿದಳು. ಎಸೆದದ್ದೆಲ್ಲ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿತ್ತು. ಯಂತ್ರಗಳು ಕಸವನ್ನೂ ಎಸೆಯದೆ ಗುಡ್ಡೆ ಹಾಕುತ್ತವೆ. ಹನ್ನೊಂದು ವರ್ಷದಲ್ಲಿ ರಾಜ್ಯದಾದ್ಯಂತ ಲಕ್ಷಗಟ್ಟಲೆ ಹೆಸರುಗಳು. ಕೆಲವು ನಿಜಕ್ಕೂ ತಪ್ಪುಗಳೇ. ಆದರೆ ಕಾರವಾರದ ಮೀನುಗಾರರ ಒಂದು ಕೇರಿ, ಕೋಲಾರದ ಕಡೆಯ ಕೂಲಿಕಾರರ ಒಂದು ಮನೆಸಾಲು, ಬೀದರಿನ ಒಂದು ಗಲ್ಲಿ, ಇಲ್ಲೆಲ್ಲ ಪ್ರತಿ ವರ್ಷ ಅದೇ ‘ತಪ್ಪು’ ಆಗಿತ್ತು. ಕಾರಣ ಬೇರೆ ಬೇರೆ ಇದ್ದಿರಬೇಕು. ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ಮತ್ತೇನೋ. ಆದರೆ ಯಾರಾದರೂ ಯಾರನ್ನಾದರೂ ‘ಇವರೂ ನಮ್ಮ ಮನೆಯವರೇ’ ಅಂದಿದ್ದರು.

ಹೊಸ ಕಾಲಂ ಸೇರಿಸಿದಳು: ಎಷ್ಟು ಮನೆಗೆ ಸೇರಿದವರು? ತಕ್ಕಡಿ ನಾಲ್ಕು ತಾಸು ತೂಗಿತು. ಬಡತನ ಅದೇ, ಓದು ಅಷ್ಟೇ, ಮುರಿದ ಮದುವೆ ಮುರಿದೇ ಇತ್ತು. ಆದರೂ ಮೂರಕ್ಕಿಂತ ಹೆಚ್ಚು ಮನೆಗೆ ಸೇರಿದವರಲ್ಲಿ ಕೊಲೆಯಾಗುವ ಸಂಭವ ಆರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಇನ್ನೊಂದು ವಿಚಿತ್ರವೂ ಕಂಡಿತು. ಅಂಥವರಲ್ಲಿ ಕೊಲೆ ಮಾಡಿದವರೂ ಕಡಿಮೆಯೇ. ರೋಹಿಣಿಯ ಆರುನೂರ ಹನ್ನೆರಡು ತೊಂಬತ್ತನಾಲ್ಕಾಗಿತ್ತು.

ಇನಾಮದಾರರು ಬಹಳ ಹೊತ್ತು ಪರದೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಕಾಯ್ದೆಗಿಂತ ಹೆಚ್ಚಾಗಿ ಹೆಣಕ್ಕೆ ಹೆದರುವವರು. “ತೊಂಬತ್ತನಾಲ್ಕಂದ್ರ ಸೊನ್ನಿ ಅಲ್ಲ, ಕಸ್ತೂರಿ.”

“ಅಲ್ಲ ಸರ್. ಆಸರೆ ಮನಿಗೆ ಹೋದ್ರೂ ಸೊನ್ನಿ ಅಲ್ಲ. ಅಲ್ಲಿ ಆಕಿಗೆ ಒಂದ ಮನಿ.”

“ಮುಂದ ಆಕಿಗೆ ಏನರೆ ಆದ್ರ?”

“ನನ್ನ ಸಹಿ ಇರ್ತದ ಸರ್. ತಪ್ಪು ಸೋಸಿದ್ದೂ ನಾನ ಅಲ್ಲೇನು?”

‘ರೋಹಿಣಿಯವರ ಇಚ್ಛೆಯಂತೆ ಸ್ಥಳಾಂತರ ಬೇಡ’ ಎಂದು ಬರೆದು ಕಸ್ತೂರಿ ಸಹಿ ಮಾಡಿದಳು. ಗುರುವಾರ ಗಾಡಿ ಹೋಗಲಿಲ್ಲ.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಅವಳು ಮೊದಲು ತೆರೆಯುತ್ತಿದ್ದದ್ದು ಸತ್ತವರ ಪಟ್ಟಿ. ಆ ಹೆಸರು ಇಲ್ಲ ಎಂದು ಕಂಡ ಮೇಲೆಯೇ ಚಹಾ. ಪ್ರತಿ ಭಾನುವಾರ ಗದಗಿನ ಬಸ್ಸು ಹತ್ತುತ್ತಿದ್ದಳು. ಪರಿಶೀಲನೆಗೆ ಅಂತ ಆಫೀಸಿನ ವಹಿಯಲ್ಲಿ ಬರೆಯುತ್ತಿದ್ದಳು. ಓಣಿಗೆ ಹೋಗಿ ರೋಹಿಣಿಯನ್ನು ನೋಡಿ, ಜೈತುನಬಿಯ ಕಟ್ಟೆಯಲ್ಲಿ ಕೂತು, ಬೇಡ ಬೇಡ ಅನ್ನುತ್ತಾ ಒಂದು ರೊಟ್ಟಿ ತಿಂದು ಬರುತ್ತಿದ್ದಳು. ಒಂದು ಸಲ ದ್ಯಾಮವ್ವ ಅವಳ ವಿಳಾಸವನ್ನೂ ಕೇಳಿ ಬರೆದುಕೊಂಡಳು. ಪ್ರವೀಣ ಐದು ತಿಂಗಳು ಜೈಲಿನಲ್ಲಿದ್ದ. ಬಿಡುಗಡೆಯಾಗಿ ಬಂದ ದಿನ ಕಸ್ತೂರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಜೈತುನಬಿ ಫೋನಿನಲ್ಲಿ, “ಉಂಡು ಹೋದ. ಮಾತಾಡಲಿಲ್ಲ. ಉಂಡ ಮ್ಯಾಲೆ ತಾಟು ತೊಳದಿಟ್ಟು ಹೋದ,” ಅಂದಳು. ಆಮೇಲೆ ಅವನು ಇಳಕಲ್ಲಿನ ಕಡೆ ಲಾರಿ ಕೆಲಸ ಹಿಡಿದ. ತಿಂಗಳಿಗೊಮ್ಮೆ ಬಂದರೆ ಕಟ್ಟೆಯವರೆಗೆ ಮಾತ್ರ.

ವರ್ಷ ತಿರುಗಿತು. ರೋಹಿಣಿ ದ್ಯಾಮವ್ವನ ಜೊತೆ ಮನೆ ಮನೆ ತಿರುಗಿ ಫಾರ್ಮು ಬರೆಯುವುದನ್ನು ಕಲಿತಳು. ಹೊಸ ಕಾಲಂ ರಾಜ್ಯದ ಎಲ್ಲ ಫಾರ್ಮುಗಳಲ್ಲೂ ಬಂತು.

ಆ ಫಾಲ್ಗುಣದ ಒಂದು ಶನಿವಾರ ಕಸ್ತೂರಿಗೆ ಜ್ವರ ಬಂತು. ಭಾನುವಾರ ಏಳಲಾಗಲಿಲ್ಲ. ಫೋನು ಸತ್ತು ಮಂಚದ ಕೆಳಗೆ ಬಿದ್ದಿತ್ತು, ಬಗ್ಗಿ ಎತ್ತಿಕೊಳ್ಳಲು ತ್ರಾಣವಿರಲಿಲ್ಲ. ನೀರಿನ ತಂಬಿಗೆ ಬರಿದಾಗಿತ್ತು. ಎದುರು ಮನೆಯಲ್ಲಿ ಕುಕ್ಕರ್ ಕೂಗುವುದು ಕೇಳುತ್ತಿತ್ತು. ಗೋಡೆಯ ಆಚೆ ಅಡುಗೆ, ಊಟ, ನಗು. ದ್ಯಾಮವ್ವ ಹೇಳಿದ್ದ ಆ ಕೀಲಿ ಹಾಕಿದ ಮನೆ ಅವಳಿಗೆ ನೆನಪಾಯಿತು. ನನ್ನನ್ನು ಕೊಲ್ಲುವವರು ಯಾರೂ ಇಲ್ಲ, ಆದರೂ ನಾಲ್ಕನೆಯ ದಿನವೇ ಗೊತ್ತಾಗುವುದು, ಅಂದುಕೊಂಡಳು.

ಸಂಜೆ ಬಾಗಿಲು ಬಡಿಯುವ ಸದ್ದಾಯಿತು. ಮೆಲ್ಲಗೆ ಬಡಿದದ್ದಲ್ಲ, ಒಡೆಯುವ ಹಾಗೆ. ಅವಳು ಗೋಡೆ ಹಿಡಿದು ಹಿಡಿದು ಹೋಗಿ ಚಿಲಕ ತೆಗೆದಳು.

ಎದುರಿಗೆ ರೋಹಿಣಿ ನಿಂತಿದ್ದಳು, ಬೆವರಿ, ಬಸ್ಸಿನ ಧೂಳು ಮೆತ್ತಿಕೊಂಡು. ಅವಳ ಹಿಂದೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ದ್ಯಾಮವ್ವ. ರೋಹಿಣಿಯ ಕಂಕುಳಲ್ಲಿ ಒಂದು ಬಟ್ಟೆಯ ಗಂಟು.

“ಏನಾತು?” ಅಂದಳು ಕಸ್ತೂರಿ ಗಾಬರಿಯಿಂದ. “ಪ್ರವೀಣ ಬಂದನೇನು?”

“ಇಲ್ರಿ ಅಕ್ಕಾರ,” ಅಂದಳು ರೋಹಿಣಿ. ಅವಳ ಕಣ್ಣು ತುಂಬಿತ್ತು. “ಎರಡ ಹೊಡೀತು. ಆಯಿ ಮನ್ಯಾಗ ಒಂದ ರೊಟ್ಟಿ ಉಳೀತು.”

“ಯಾರದು?”

ರೋಹಿಣಿ ಅವಳ ಹಣೆ ಮುಟ್ಟಿ ನೋಡಿದಳು. “ನಿಮ್ದರಿ.”